ಎಂಟು ಸಲ ಗೆದ್ದ ಪಿ.ಟಿ. ಮಾಸ್ತರು

ಬಸವರಾಜ ಹೊರಟ್ಟಿ 1980ರಿಂದ ಒಮ್ಮೆಯೂ ಸೋಲದೆ ವಿಧಾನ ಪರಿಷತ್ತಿಗೆ ಆರಿಸಿ ಬಂದದ್ದು ಹೇಗೆ, ಎಂಎಲ್‌ಎ ಚುನಾವಣೆಯಲ್ಲಾದರೆ ಇದು ಆಗುತ್ತಿತ್ತೇ ಅಂತ ಕೇಳಿದ್ದೀರಿ. ನಾನು ಗದಗ ಕಡೆಯ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. 1998ರಿಂದ 2016ರವರೆಗೆ ಅವರ ಶಿಕ್ಷಕರ ಕ್ಷೇತ್ರದಲ್ಲಿ ನಾಲ್ಕು ಸಲ ಓಟು ಹಾಕಿದ್ದೇನೆ. ಯಾರಿಗೆ ಅಂತ ಮಾತ್ರ ಕೇಳಬೇಡಿ.

ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಸೇರಿ ಪಶ್ಚಿಮ ಶಿಕ್ಷಕರ ಕ್ಷೇತ್ರ. ನಕಾಶೆಯಲ್ಲಿ ದೊಡ್ಡದು, ಮತದಾರರ ಪಟ್ಟಿಯಲ್ಲಿ ಸಣ್ಣದು. ಹೈಸ್ಕೂಲು ಮತ್ತು ಅದಕ್ಕೂ ಮೇಲಿನ ತರಗತಿಗಳಿಗೆ, ಹಿಂದಿನ ಆರು ವರ್ಷಗಳಲ್ಲಿ ಮೂರು ವರ್ಷವಾದರೂ ಪಾಠ ಮಾಡಿದವರಿಗಷ್ಟೇ ಓಟು. ಅಕ್ಷರ ತಿದ್ದಿಸುವ ಪ್ರಾಥಮಿಕ ಶಾಲೆಯವರಿಗೆ ಇಲ್ಲ, ಇದು ನನಗೆ ಇವತ್ತಿಗೂ ಸರಿ ಕಂಡಿಲ್ಲ. ಪಟ್ಟಿಯೂ ಪ್ರತಿ ಸಲ ಹೊಸದು. ಹೋದ ಸಲ ಹೆಸರಿತ್ತಲ್ಲ ಅಂತ ಕೂತರೆ ಕೆಟ್ಟಿರಿ, ಮತ್ತೆ ನಮೂನೆ 19 ತುಂಬಿ ಕೊಡಬೇಕು. ಶಾಲೆ ಶಾಲೆಗೆ ತಿರುಗಿ ಆ ಅರ್ಜಿ ತುಂಬಿಸುವಷ್ಟು ಜನಬಲ ಇದ್ದವರು ಅರ್ಧ ಗೆದ್ದ ಹಾಗೆಯೇ.

ಇಂಥ ಕಡೆ ಭಾಷಣ ನಡೆಯುವುದಿಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿ ರಾಜಕೀಯ ಅಂದರೆ ತಡವಾದ ಸಂಬಳ, ಅನುದಾನಕ್ಕೆ ಒಳಪಡದ ಹುದ್ದೆ, ಜಿಲ್ಲೆಯ ಶಿಕ್ಷಣ ಇಲಾಖೆಯ ಡಿಡಿಪಿಐ ಕಚೇರಿಯಲ್ಲಿ ಸಿಕ್ಕಿಕೊಂಡ ಫೈಲು. ಹೊರಟ್ಟಿಯವರು ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಯಲ್ಲಿ ಪಿ.ಟಿ. ಮಾಸ್ತರಾಗಿದ್ದವರು, ಈ ಫೈಲಿನ ಭಾಷೆ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 2006ರಲ್ಲಿ ಶಿಕ್ಷಣ ಸಚಿವರಾಗಿದ್ದಾಗ, ಕನ್ನಡ ಮಾಧ್ಯಮಕ್ಕೆ ಅನುಮತಿ ಪಡೆದು ಇಂಗ್ಲಿಷಿನಲ್ಲಿ ಕಲಿಸುತ್ತಿದ್ದ ಶಾಲೆಗಳ ಮಾನ್ಯತೆ ರದ್ದು ಮಾಡಲು ಹೊರಟು ಆಡಳಿತ ಮಂಡಳಿಗಳ ಸಿಟ್ಟಿಗೂ ಗುರಿಯಾದರು. ಆದರೂ 2010ರಲ್ಲಿ ಗೆದ್ದರು. ಹಾಗಂತ ಎಲ್ಲವೂ ಬಗೆಹರಿದಿದೆ ಅಂತಲ್ಲ. 2006ರ ಏಪ್ರಿಲ್ ನಂತರ ಸೇರಿದ ಅನುದಾನಿತ ಶಾಲೆಯವರ ಪಿಂಚಣಿ ಗೋಳು ನಾನು ನಿವೃತ್ತನಾಗುವಾಗಲೂ ಹಾಗೆಯೇ ಇತ್ತು.

ಎಂಎಲ್‌ಎ ವಿಚಾರಕ್ಕೆ ಬಂದರೆ, ಅದೂ ಆಗಿದೆ. ಮಲ್ಲಿಕಾರ್ಜುನ ಖರ್ಗೆ 1972ರಿಂದ ಗುರುಮಠಕಲ್‌ನಲ್ಲಿ ಎಂಟು ಸಲ, ಕ್ಷೇತ್ರ ಪುನರ್ವಿಂಗಡಣೆ ಆದಮೇಲೆ 2008ರಲ್ಲಿ ಚಿತ್ತಾಪುರದಲ್ಲಿ ಒಂದು ಸಲ ಗೆದ್ದರು. ನನ್ನ ಲೆಕ್ಕದಲ್ಲಿ ಅದು ಹೆಚ್ಚು ಕಷ್ಟದ್ದು. ವಿಧಾನಸಭೆ ಯಾವಾಗ ವಿಸರ್ಜನೆಯಾದೀತೋ ಹೇಳಲಾಗದು, 1983ರಲ್ಲಿ ಗೆದ್ದವರು 1985ಕ್ಕೇ ಮತ್ತೆ ಜನರ ಮುಂದೆ ನಿಲ್ಲಬೇಕಾಯಿತು. ಪರಿಷತ್ತು ವಿಸರ್ಜನೆಯಾಗುವುದಿಲ್ಲ, ಒಮ್ಮೆ ಗೆದ್ದರೆ ಆರು ವರ್ಷ ನಿಶ್ಚಿಂತೆ.

ಓಟು ಹಾಕುವುದೂ ಬೇರೆ ಥರ. ಮತಗಟ್ಟೆಯಲ್ಲಿ ಕೊಟ್ಟ ಪೆನ್ನಿನಿಂದಲೇ ಹೆಸರಿನ ಮುಂದೆ 1, 2, 3 ಅಂತ ಪ್ರಾಶಸ್ತ್ಯ ಬರೆಯಬೇಕು. ಸರಿ ಗುರುತು (✓) ಹಾಕಿದರೆ ಓಟು ಕುಲಗೆಡುತ್ತದೆ. ದಿನಾ ಸರಿ ಗುರುತು ಹಾಕುವ ಕೈ ನೋಡಿ, ಮಾಸ್ತರುಗಳೇ ತಪ್ಪುತ್ತಾರೆ.

ಜನತಾ ಪರಿವಾರದಲ್ಲೇ ದಶಕಗಟ್ಟಲೆ ಇದ್ದ ಹೊರಟ್ಟಿ 2022ರ ಮೇ ತಿಂಗಳಲ್ಲಿ ಸಭಾಪತಿ ಸ್ಥಾನ ಬಿಟ್ಟು ಬಿಜೆಪಿ ಸೇರಿದರು. ಈ ಸಲ ಪೆಟ್ಟು ತಿಂತಾರೆ ಅಂದುಕೊಂಡಿದ್ದೆ. ಜೂನ್‌ನಲ್ಲಿ ಎಂಟನೆಯ ಸಲ ಗೆದ್ದರು. ನಮ್ಮ ಶಾಲೆಯ ಹುಡುಗ ಮಾಸ್ತರನೊಬ್ಬನನ್ನು ಕೇಳಿದೆ: ಪಕ್ಷ ಬದಲಾದದ್ದು ನಿಮಗೇನೂ ಅನ್ನಿಸಲಿಲ್ಲೇನು? "ಮತಪತ್ರದಾಗ ಚಿಹ್ನೀನ ಇರಂಗಿಲ್ಲಲ್ರಿ ಸರ" ಅಂದ.