ಎಸಿಎಲ್ ಆಪರೇಷನ್ ಆಗಿ ಐದು ತಿಂಗಳಿಗೆ ಹಾಕಿ ಆಡಬಹುದೇ? ಐಸ್ ಹಾಕಿಯವರು ಆಡುತ್ತಾರಲ್ಲ?

ನಿಮ್ಮ ಪ್ರಶ್ನೆ ಓದಿ ಎರಡು ದಿನವಾಯಿತು. ಉತ್ತರಿಸದೆ ಬಿಡಲು ಮನಸ್ಸು ಒಪ್ಪುತ್ತಿಲ್ಲ. ನೀವು ವಿರಾಜಪೇಟೆ ಕಡೆಯವರು, ವಯಸ್ಸು 20. ನವೆಂಬರಿನಲ್ಲಿ ಬಲಮಂಡಿಯ ಎಸಿಎಲ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಮುಂದಿನ ಲಿಗಮೆಂಟ್ ಎಂಬ ಎಳೆ, ಅದರ ಆಪರೇಷನ್ ಆಗಿದೆ. ಏಪ್ರಿಲ್ ಕೊನೆಗೆ ಹಾಕಿ ನಮ್ಮೆಯಲ್ಲಿ, ಅಂದರೆ ಕೊಡವ ಮನೆತನಗಳ ಹಾಕಿ ಹಬ್ಬದಲ್ಲಿ, ನಿಮ್ಮ ಒಕ್ಕದ (ಮನೆತನದ) ಪಂದ್ಯವಿದೆ, ತಂಡಕ್ಕೆ ಜನ ಸಾಲುತ್ತಿಲ್ಲ. ಐಸ್ ಹಾಕಿಯ ಮಾರಿಯೋ ಲೆಮ್ಯೂ ಕ್ಯಾನ್ಸರ್ ಚಿಕಿತ್ಸೆ ಮುಗಿದ ದಿನವೇ ಆಡಿದ, ಕಾನರ್ ಮೆಕ್‌ಡೇವಿಡ್ ಮಂಡಿ ಹರಿದುಕೊಂಡು ಆಪರೇಷನ್ನೇ ಇಲ್ಲದೆ ಆರು ತಿಂಗಳಲ್ಲಿ ಮರಳಿದ, ನನಗೆ ಈಗ ನೋವೂ ಇಲ್ಲ ಊತವೂ ಇಲ್ಲ, ಹಾಗಿದ್ದರೆ ನಾನೇಕೆ ಆಡಬಾರದು ಎಂದು ಕೇಳಿದ್ದೀರಿ.

ಆಡಬೇಡಿ. ಈ ಏಪ್ರಿಲ್ ಬೇಡ.

ನಾನು ಡಾಕ್ಟರಲ್ಲ. ನಾಪೋಕ್ಲು ಕಡೆಯ ಒಬ್ಬ ಹಳೆಯ ರೈಟ್ ಹಾಫ್. ಒಂದೇ ಮಂಡಿಯನ್ನು ಎರಡು ಸಲ ಕೆಡಿಸಿಕೊಂಡವನು. ಮೊದಲನೆಯದು ಆಟದಲ್ಲಿ ಯಾರಿಗೂ ಆಗಬಹುದಾದದ್ದು. ಎರಡನೆಯದು ನಾನೇ ಮಾಡಿಕೊಂಡದ್ದು. ಅದನ್ನು ಹೇಳುವುದಕ್ಕೇ ಬರೆಯುತ್ತಿದ್ದೇನೆ.

2004ರ ಜನವರಿ. ಬೆಂಗಳೂರಿನಲ್ಲಿ ಟರ್ಫ್ ಮೇಲೆ ಅಭ್ಯಾಸ ನಡೆಯುತ್ತಿತ್ತು. ಚೆಂಡು ಹಿಡಿದು ಎಡಕ್ಕೆ ತಿರುಗಿದೆ, ದೇಹ ತಿರುಗಿತು, ಪಾದ ಅಲ್ಲೇ ನಿಂತಿತು. ಒಣಗಿದ ಕಾಫಿ ಕೊಂಬೆ ಮುರಿದ ಹಾಗೆ ಒಂದು ಸದ್ದು. ಯಾರೂ ನನ್ನನ್ನು ಮುಟ್ಟಿರಲಿಲ್ಲ. ಎಸಿಎಲ್ ಹೆಚ್ಚಾಗಿ ಹರಿಯುವುದೇ ಹೀಗೆ, ಡಿಕ್ಕಿಯಿಂದಲ್ಲ, ಓಡುವಾಗ ತಟ್ಟನೆ ನಿಂತು ತಿರುಗುವುದರಿಂದ. ಸಂಜೆಯೊಳಗೆ ಮಂಡಿ ತೆಂಗಿನಕಾಯಿಯಷ್ಟು ಊದಿತು. ರಜೆ ಹಾಕಿ ಊರಿಗೆ ಬಂದೆ. ಎಣ್ಣೆ ಹಚ್ಚಿ ಪಟ್ಟಿ ಕಟ್ಟಿದರು. ಆರು ವಾರಕ್ಕೆ ಊತ ಇಳಿಯಿತು, ನೋವು ಹೋಯಿತು, ತೋಟದ ದಾರಿಯಲ್ಲಿ ನೇರವಾಗಿ ನಡೆದಾಡಿದೆ. ವಾಸಿಯಾಯಿತು ಎಂದುಕೊಂಡೆ. ಎಂಆರ್‌ಐ ಮಾಡಿಸಿ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಏಪ್ರಿಲಿನಲ್ಲಿ ಒಕ್ಕದ ಪಂದ್ಯ. ಹಿಂದಿನ ಸಂಜೆ ಮಳೆ ಬಿದ್ದು ಮಣ್ಣಿನ ಮೈದಾನ ಮೇಲೆ ಗಟ್ಟಿ, ಒಳಗೆ ಮೆತ್ತಗೆ ಆಗಿತ್ತು. ಮೊದಲ ಅರ್ಧ ಚೆನ್ನಾಗಿಯೇ ಆಡಿದೆ, ನೇರ ಓಟದಲ್ಲಿ ಏನೂ ತೊಂದರೆಯಾಗಲಿಲ್ಲ. ದ್ವಿತೀಯಾರ್ಧದಲ್ಲಿ ಮತ್ತೆ ಅದೇ ಎಡತಿರುವು. ಈ ಸಲ ಸದ್ದು ಬರಲಿಲ್ಲ. ಕೀಲು ಕಳಚಿದ ಬಾಗಿಲಿನ ಹಾಗೆ ಮಂಡಿ ಪಕ್ಕಕ್ಕೆ ಹೋಯಿತು, ಅರ್ಧ ಮಡಚಿದಲ್ಲೇ ಸಿಕ್ಕಿಕೊಂಡಿತು. ಚಾಚಲೂ ಆಗದು, ಮಡಚಲೂ ಆಗದು. ಅವ್ವ ಗ್ಯಾಲರಿಯಿಂದ ಸೀರೆ ಎತ್ತಿ ಹಿಡಿದು ಓಡಿಬಂದದ್ದು ಈಗಲೂ ಕಣ್ಣ ಮುಂದಿದೆ. ಹರಿದ ಮೆನಿಸ್ಕಸ್ ಕೀಲಿನ ನಡುವೆ ಮಗುಚಿ ಸಿಕ್ಕಿಕೊಂಡಿದೆ ಎಂದು ಆಮೇಲೆ ಮೈಸೂರಿನ ಡಾಕ್ಟರು ಹೇಳಿದರು. ಮಂಡಿಯೊಳಗೆ ಮೆತ್ತೆಯ ಹಾಗಿರುವ ಮೃದ್ವಸ್ಥಿ ಅದು. ಒಂದಷ್ಟನ್ನು ಕತ್ತರಿಸಿ ತೆಗೆಯಲೇಬೇಕಾಯಿತು. ಲಿಗಮೆಂಟ್ ಹೊಸದು ಹಾಕಬಹುದು, ಕತ್ತರಿಸಿದ ಮೆನಿಸ್ಕಸ್ ಮತ್ತೆ ಬೆಳೆಯುವುದಿಲ್ಲ. 40 ದಾಟಿದ ಮೇಲೆ ತೋಟದ ಇಳಿಜಾರು ಇಳಿಯುವಾಗ ಪ್ರತಿ ಹೆಜ್ಜೆಗೂ ಅದು ನನಗೆ ಗೊತ್ತಾಗುತ್ತದೆ.

ಇನ್ನು ನೀವು ಹೇಳಿದ ಐಸ್ ಹಾಕಿಯವರ ಮಾತು. ತಂಗಿ ಕೆನಡಾದಲ್ಲಿ ನೆಲೆಸಿದ ಮೇಲೆ ಆ ಆಟ ನೋಡುವ ಹುಚ್ಚು ನನಗೂ ಹಿಡಿದಿದೆ. ಅವರ ಧೈರ್ಯದ ಬಗ್ಗೆ ಗೌರವವಿರುವುದರಿಂದಲೇ ಅವರ ಕಥೆಯನ್ನು ಅರ್ಧ ಹೇಳಬಾರದು ಅನ್ನಿಸುತ್ತದೆ.

ಲೆಮ್ಯೂ 1993ರ ಮಾರ್ಚ್ 2ರಂದು ಬೆಳಿಗ್ಗೆ ಕೊನೆಯ ವಿಕಿರಣ ಚಿಕಿತ್ಸೆ ಮುಗಿಸಿ, ವಿಮಾನದಲ್ಲಿ ಫಿಲಡೆಲ್ಫಿಯಾಕ್ಕೆ ಹೋಗಿ, ಅದೇ ರಾತ್ರಿ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಪರ ಆಡಿ ಒಂದು ಗೋಲು ಹೊಡೆದದ್ದು ನಿಜ. ಎದುರಾಳಿ ತಂಡದ ಅಭಿಮಾನಿಗಳೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಋತುವಿನಲ್ಲಿ ಬರೀ 60 ಪಂದ್ಯಗಳಲ್ಲಿ 160 ಅಂಕ ಗಳಿಸಿ ಎಲ್ಲರಿಗಿಂತ ಮುಂದೆ ನಿಂತರು. ಆದರೆ ಅವರಿಗಿದ್ದದ್ದು ಹಾಡ್ಜ್‌ಕಿನ್ ಎಂಬ ದುಗ್ಧರಸ ಗ್ರಂಥಿಯ ಕ್ಯಾನ್ಸರ್. ಮಂಡಿಯ ಲಿಗಮೆಂಟ್ ಹರಿದಿರಲಿಲ್ಲ. ಆಮೇಲಿನದನ್ನೂ ನೋಡಿ: ಬೆನ್ನುನೋವು, ಸುಸ್ತು ಬಿಡದೆ 1994-95ರ ಇಡೀ ಋತುವನ್ನು ಅವರು ಹೊರಗೆ ಕೂತು ಕಳೆದರು. 1997ರಲ್ಲಿ ನಿವೃತ್ತಿ ಹೇಳಿ, 2000ದ ಡಿಸೆಂಬರಿನಲ್ಲಿ ಮತ್ತೆ ಬಂದರು. ಆ ಒಂದು ರಾತ್ರಿಯ ಕಥೆ ಎಲ್ಲರಿಗೂ ಗೊತ್ತು, ಹೊರಗೆ ಕೂತ ವರ್ಷವನ್ನು ಯಾರೂ ನೆನೆಯುವುದಿಲ್ಲ.

ಮೆಕ್‌ಡೇವಿಡ್‌ಗೆ 2019ರ ಏಪ್ರಿಲಿನಲ್ಲಿ ಹರಿದದ್ದು ಪಿಸಿಎಲ್, ಅಂದರೆ ಹಿಂದಿನ ಲಿಗಮೆಂಟ್. ಗೋಲ್ ಪೋಸ್ಟಿಗೆ ಹೋಗಿ ಬಡಿದಾಗ ಆದದ್ದು. ಪಿಸಿಎಲ್ ಆಪರೇಷನ್ ಇಲ್ಲದೆಯೂ ಕೂಡಿಕೊಳ್ಳುವ ಸಾಧ್ಯತೆ ಎಸಿಎಲ್‌ಗಿಂತ ಎಷ್ಟೋ ಹೆಚ್ಚು. ಅದೂ ಅಲ್ಲದೆ ಬೇಸಿಗೆಯಿಡೀ ಅವರ ಒಂದು ಮಂಡಿಯನ್ನು ನೋಡಿಕೊಳ್ಳಲೆಂದೇ ಪರಿಣತರು ಪಕ್ಕದಲ್ಲಿದ್ದರು. ನಿಮ್ಮ ಮಂಡಿಯನ್ನು ಅವರ ಮಂಡಿಯ ಜೊತೆ ಹೋಲಿಸಲು ಬರುವುದಿಲ್ಲ.

ನೆಲವೂ ಬೇರೆ. ಮಂಜುಗಡ್ಡೆಯ ಮೇಲೆ ಸ್ಕೇಟಿನ ಅಲಗು ಜಾರುತ್ತದೆ, ದೇಹ ತಿರುಗಿದರೆ ಕಾಲೂ ಜೊತೆಗೆ ಸರಿಯುತ್ತದೆ. ಅದಕ್ಕೇ ಐಸ್ ಹಾಕಿಯಲ್ಲಿ ಮಂಡಿಗೆ ಪೆಟ್ಟಾದರೆ ಹೆಚ್ಚಾಗಿ ಪಕ್ಕದ ಲಿಗಮೆಂಟಾದ ಎಂಸಿಎಲ್‌ಗೆ, ಅದೂ ಇನ್ನೊಬ್ಬರು ಬಂದು ಗುದ್ದಿದಾಗ. ನಮ್ಮ ಶೂ ನೆಲವನ್ನು ಕಚ್ಚಿ ಹಿಡಿಯುತ್ತದೆ. ನಡು ಬಗ್ಗಿಸಿ, ಮಂಡಿ ಮಡಚಿ, ಚೆಂಡಿನ ಮೇಲೆ ಕಣ್ಣಿಟ್ಟು ಗಕ್ಕನೆ ತಿರುಗುವ ಆಟ ನಮ್ಮದು. ತಿರುಗುವ ಬಲವೆಲ್ಲ ಎಸಿಎಲ್ ಎಂಬ ಆ ಒಂದು ಎಳೆಯ ಮೇಲೇ ಬೀಳುತ್ತದೆ.

ಆ ಎಳೆ ಈಗ ಯಾವ ಸ್ಥಿತಿಯಲ್ಲಿದೆ ಎಂಬುದೇ ಮುಖ್ಯ. ನಿಮ್ಮ ತೊಡೆಯ ಹಿಂಭಾಗದ ಸ್ನಾಯುರಜ್ಜು ತೆಗೆದು ಮಂಡಿಯೊಳಗೆ ಕಸಿ ಮಾಡಿದ್ದಾರೆ ಎಂದು ಬರೆದಿದ್ದೀರಿ. ಅದು ಒಳಗೆ ಹೋದ ಮೇಲೆ ರಕ್ತಸಂಚಾರವಿಲ್ಲದೆ ಮೊದಲು ದುರ್ಬಲವಾಗುತ್ತದೆ, ಆಮೇಲೆ ಹೊಸ ರಕ್ತನಾಳ ಬೆಳೆದು ನಿಧಾನಕ್ಕೆ ಲಿಗಮೆಂಟಾಗಿ ಮಾರ್ಪಡುತ್ತದೆ. ವರ್ಷ ಕಳೆದರೂ ಆ ಕೆಲಸ ಒಳಗೆ ನಡೆಯುತ್ತಲೇ ಇರುತ್ತದೆ. ಮನೆಯಲ್ಲಿ ಕಸಿ ಕಟ್ಟಿದ ಗಿಡ ನೋಡಿದ್ದೀರಲ್ಲ, ಚಿಗುರು ಬಂತೆಂದು ಯಾರಾದರೂ ಅದನ್ನು ಹಿಡಿದು ಜಗ್ಗುತ್ತಾರೆಯೇ? ಊತವಿಲ್ಲ, ನೋವಿಲ್ಲ ಎನ್ನುವುದು ಆ ಚಿಗುರು. ಒಳಗಿನ ಬೆಸುಗೆ ಗಟ್ಟಿಯಾಗಿದೆ ಎಂದು ಅದರಿಂದ ತಿಳಿಯುವುದಿಲ್ಲ. 9 ತಿಂಗಳಿಗೆ ಮೊದಲು ಇಂಥ ಆಟಕ್ಕೆ ಇಳಿದವರಲ್ಲಿ ಮರುಗಾಯ ಬಹಳ ಹೆಚ್ಚು ಎಂದು ಈಗ ಹೆಚ್ಚಿನ ಕ್ರೀಡಾ ವೈದ್ಯರು ಹೇಳುತ್ತಾರೆ. ನಿಮ್ಮ ವಯಸ್ಸಿನವರಿಗೆ ಅಪಾಯ ಇನ್ನೂ ಜಾಸ್ತಿ, ಅದೇ ಮಂಡಿಗಷ್ಟೇ ಅಲ್ಲ, ಸರಿಯಿರುವ ಇನ್ನೊಂದಕ್ಕೂ.

2004ರ ಆಗಸ್ಟಿನಲ್ಲಿ ನನ್ನ ಆಪರೇಷನ್ ಆಯಿತು. ಹೊರಗೆ ಜಡಿಮಳೆ. ಐನ್‌ಮನೆಯ (ಒಕ್ಕದ ಮೂಲಮನೆಯ) ಕೈಯಾಲೆಯಲ್ಲಿ, ಅಂದರೆ ಜಗಲಿಯಲ್ಲಿ, ಚಾಪೆ ಹಾಸಿ, ಟವೆಲ್ ಸುರುಳಿ ಸುತ್ತಿ ಮಂಡಿಯ ಕೆಳಗಿಟ್ಟು, ತೊಡೆ ಬಿಗಿದು ಅದನ್ನು ಕೆಳಕ್ಕೆ ಒತ್ತುವುದು, ಹತ್ತು ಎಣಿಸುವುದು, ಬಿಡುವುದು. ಮೊದಲ ವಾರ ತೊಡೆ ನನ್ನ ಮಾತೇ ಕೇಳಲಿಲ್ಲ. ಒತ್ತುತ್ತಿದ್ದೇನೆ ಎಂದುಕೊಳ್ಳುತ್ತಿದ್ದೆ, ಟವೆಲ್ ಕದಲುತ್ತಿರಲಿಲ್ಲ. ಪಕ್ಕದಲ್ಲಿ ಅವ್ವ ಕುಳಿತು ಟವೆಲಿನ ತುದಿ ಎಳೆದು ನೋಡುವಳು, ಸುಲಭಕ್ಕೆ ಬಂದರೆ "ಇನ್ನೊಮ್ಮೆ" ಎನ್ನುವಳು. ಒಂಬತ್ತನೆಯ ದಿನ ಅವಳು ಎಳೆದರೂ ಟವೆಲ್ ಬರಲಿಲ್ಲ. ಅವತ್ತು ಅವ್ವ ಅತ್ತಳು.

ಐದನೆಯ ತಿಂಗಳಿಗೆ ನನಗೂ ನಿಮ್ಮ ಹಾಗೆಯೇ ಅನ್ನಿಸಿತ್ತು, ಇನ್ನೇನು ಆಡಬಹುದು ಎಂದು. ಮೂರು ಗಂಟೆಗೂ ಮೀರಿದ ಬಸ್ ಪ್ರಯಾಣ ಮಾಡಿ ಮೈಸೂರಿಗೆ ಹೋಗಿ ಫಿಸಿಯೋ ಮುಂದೆ ನಿಂತು ಹಾಗೆಂದೆ. ಅವರು ವಾದಕ್ಕಿಳಿಯಲಿಲ್ಲ. ಕಾರಿಡಾರಿನ ನೆಲದಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆದರು. ಎಡಗಾಲೊಂದರಲ್ಲೇ ನಿಂತು ಮುಂದಕ್ಕೆ ಹಾರು, ಅದೇ ಕಾಲಿನ ಮೇಲೆ ಅಲುಗದೆ ನಿಲ್ಲು ಎಂದರು. ಟೇಪ್ ಹಿಡಿದು ಅಳೆದರು, 6 ಅಡಿ. ಬಲಗಾಲಲ್ಲಿ ಹಾರಿದೆ. 4 ಅಡಿ, ಅದೂ ಗೋಡೆ ಹಿಡಿದು ನಿಂತೆ. ಎರಡು ಗುರುತನ್ನೂ ತೋರಿಸಿ, "ನಿಮ್ಮ ಎದುರಾಳಿ ಫಾರ್ವರ್ಡ್ ಈ ಎರಡಡಿಯಲ್ಲೇ ನುಗ್ಗುತ್ತಾನೆ" ಎಂದರು. ನಾನು ಮಾತಾಡದೆ ಬಸ್ ಹತ್ತಿದೆ. ಗಾಯಗೊಂಡ ಕಾಲಿನ ಬಲ, ನೆಗೆತ ಎರಡೂ ಇನ್ನೊಂದು ಕಾಲಿನ ಶೇ. 90ರಷ್ಟಾದರೂ ಆಗಬೇಕು ಎಂಬುದು ಈಗ ಸಾಮಾನ್ಯವಾಗಿ ಪಾಲಿಸುವ ಅಳತೆ. ನನಗೆ 5 ಅಡಿ 8 ಇಂಚು ಬರುವಾಗ ಹನ್ನೊಂದು ತಿಂಗಳಾಗಿತ್ತು. ಆಮೇಲೆ ಆರು ವರ್ಷ ಲೀಗ್ ಆಡಿದೆ. ರಾಜ್ಯ ತಂಡದ ಬಾಗಿಲು ಅಷ್ಟರಲ್ಲಿ ಮುಚ್ಚಿತ್ತು. ಆ ನೋವು ಇದೆ, ಇಲ್ಲ ಎಂದು ಹೇಳುವುದಿಲ್ಲ.

ನೀವು ಐಸ್ ಹಾಕಿಯಿಂದ ಯಾರನ್ನಾದರೂ ಮಾದರಿಯಾಗಿ ಇಟ್ಟುಕೊಳ್ಳುವುದಾದರೆ ಗೇಬ್ರಿಯೆಲ್ ಲ್ಯಾಂಡೆಸ್ಕಾಗ್ ಅವರನ್ನು ಇಟ್ಟುಕೊಳ್ಳಿ. ಕೊಲರಾಡೋ ತಂಡದ ನಾಯಕ. ಕೆಟ್ಟ ಮಂಡಿಯಲ್ಲೇ ಆಡಿ 2022ರ ಜೂನಿನಲ್ಲಿ ಎನ್‌ಎಚ್‌ಎಲ್ ಎಂಬ ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗಿನ ಸ್ಟಾನ್ಲಿ ಕಪ್ ಎತ್ತಿದರು. ಅದರ ಮರುದಿನದಿಂದ ಸುಮಾರು ಮೂರು ವರ್ಷ ಒಂದು ಎನ್‌ಎಚ್‌ಎಲ್ ಪಂದ್ಯವನ್ನೂ ಆಡಲಾಗಲಿಲ್ಲ. 2023ರ ಮೇ ತಿಂಗಳಲ್ಲಿ ಮಂಡಿಗೆ ಮೃದ್ವಸ್ಥಿಯ ಕಸಿ ಆಯಿತು. 2025ರ ಏಪ್ರಿಲಿನಲ್ಲಿ ಮರಳುವಾಗಲೂ ನೇರವಾಗಿ ದೊಡ್ಡ ಪಂದ್ಯಕ್ಕೆ ಇಳಿಯಲಿಲ್ಲ, ಮೊದಲು ಕೆಳ ಲೀಗಿನ ತಂಡದಲ್ಲಿ ಆಡಿ ಕಾಲನ್ನು ಪರೀಕ್ಷಿಸಿಕೊಂಡರು. ಆಮೇಲೆ ಡಲ್ಲಾಸ್ ವಿರುದ್ಧದ ಪ್ಲೇಆಫ್‌ಗೆ ಬಂದು, ಮರಳಿದ ಮೇಲಿನ ತಮ್ಮ ಎರಡನೆಯ ಪಂದ್ಯದಲ್ಲೇ ಗೋಲು ಹೊಡೆದರು. ಪಿಟ್ಸ್‌ಬರ್ಗ್ ತಂಡದ ಸಿಡ್ನಿ ಕ್ರಾಸ್ಬಿ ಕಥೆಯೂ ಇದೆ. 2011ರ ಜನವರಿ 1ರಂದು ತಲೆಗೆ ಪೆಟ್ಟು ಬಿದ್ದಿತ್ತು, ಆದರೂ ಆಟಕ್ಕಿಳಿದರು, ನಾಲ್ಕೇ ದಿನಕ್ಕೆ ಮತ್ತೊಂದು ಪೆಟ್ಟು. ಹತ್ತು ತಿಂಗಳಿಗೂ ಹೆಚ್ಚು ಕಾಲ ಹೊರಗುಳಿದು, ನವೆಂಬರಿನಲ್ಲಿ ಮರಳಿದ ಮೊದಲ ಪಂದ್ಯದಲ್ಲೇ ಎರಡು ಗೋಲು ಹೊಡೆದರು. ಎಂಟು ಪಂದ್ಯಕ್ಕೆ ಲಕ್ಷಣಗಳು ಮತ್ತೆ ಕಂಡವು. ಮತ್ತೆ ಕೂತರು, ಮಾರ್ಚಿನವರೆಗೆ. ಅವರೇ 2016, 2017ರಲ್ಲಿ ನಾಯಕನಾಗಿ ಕಪ್ ಗೆದ್ದದ್ದು.

ಅಷ್ಟು ದೂರವೂ ಬೇಡ. ಭಾರತ ಹಾಕಿ ತಂಡದಲ್ಲಿ ಆಡಿದ ನಮ್ಮ ಸೋಮವಾರಪೇಟೆಯ ಎಸ್.ವಿ. ಸುನಿಲ್ 2018ರಲ್ಲಿ ಮಂಡಿ ಗಾಯದಿಂದ ಭುವನೇಶ್ವರದ ವಿಶ್ವಕಪ್ಪನ್ನೇ ತಪ್ಪಿಸಿಕೊಂಡರು. ಸ್ವದೇಶದಲ್ಲಿ ನಡೆದ ವಿಶ್ವಕಪ್! ಎರಡು ಒಲಿಂಪಿಕ್ಸ್ ಆಡಿದ ಮನುಷ್ಯ ಅದನ್ನು ಬಿಟ್ಟು ಕೂತರು, 2019ರಲ್ಲಿ ತಂಡಕ್ಕೆ ಮರಳಿದರು.

ಭಯದ ವಿಷಯವನ್ನೂ ನೀವು ಒಂದು ಸಾಲಿನಲ್ಲಿ ಬರೆದಿದ್ದೀರಿ, ರಾತ್ರಿ ಕನಸಿನಲ್ಲಿ ಮಂಡಿ ಜಾರುತ್ತದೆ ಎಂದು. ನನಗೂ ಬರುತ್ತಿತ್ತು. ಅದನ್ನು ಫಿಸಿಯೋಗೆ ಹೇಳಿ, ನಾಚಿಕೆ ಬೇಡ. ಕಾಲಿಗೆ ಬಲ ಬಂದರೂ ಮನಸ್ಸು ಒಪ್ಪದಿದ್ದರೆ ಆಟಗಾರ ಅರ್ಧ ತಿರುಗಿ ನಿಲ್ಲುತ್ತಾನೆ, ಹಾಗೆ ತಡವರಿಸಿದಾಗಲೇ ಪೆಟ್ಟಾಗುವುದು. ನಾನು ಮೊದಲು ಕೋಲಿಲ್ಲದೆ ಬರೀ ತಿರುಗುವುದನ್ನು, ಆಮೇಲೆ ಕೋಲು ಹಿಡಿದು, ಆಮೇಲೆ ಚೆಂಡಿನ ಜೊತೆ, ಕೊನೆಗೆ ಎದುರಿಗೆ ಒಬ್ಬನನ್ನು ನಿಲ್ಲಿಸಿಕೊಂಡು ಅಭ್ಯಾಸ ಮಾಡಿದೆ. ಒಂದೊಂದಕ್ಕೂ ವಾರಗಳು ಹಿಡಿದವು. ಮತ್ತೆ, ನೀ-ಕ್ಯಾಪ್ (ಮಂಡಿಪಟ್ಟಿ) ಹಾಕಿಕೊಂಡರೆ ಆಡಬಹುದಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಮಂಡಿಗೆ ಬೆಚ್ಚಗಿರುತ್ತದೆ, ತಿರುವನ್ನು ತಡೆಯುವುದಿಲ್ಲ. ಗೋಲ್ ಕೀಪರ್ ಆಗಿ ನಿಂತರೂ ಅಷ್ಟೇ, ಪಕ್ಕಕ್ಕೆ ಹಾರುವ ಕೆಲಸ ಅದು.

ಉಳಿದದ್ದು ಜನ ಸಾಲದ ಮಾತು. ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಇದೇ ಅನ್ನಿಸುತ್ತದೆ, "ಒಕ್ಕದ ಹೆಸರು" ಎಂದು ಎರಡು ಸಲ ಬರೆದಿದ್ದೀರಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಈ ಹಾಕಿ ನಮ್ಮೆ ಶುರು ಮಾಡಿದಾಗ 60 ಒಕ್ಕಗಳಿದ್ದವು, 2024ರಲ್ಲಿ ನಾಪೋಕ್ಲಿನಲ್ಲಿ 360. ಇದು ಬೆಳೆದದ್ದು ಗೆಲ್ಲುವವರಿಂದ ಮಾತ್ರ ಅಲ್ಲ, ಒಂದೇ ಪಂದ್ಯ ಆಡಿ ಸೋತು ಊಟ ಮಾಡಿ ಮನೆಗೆ ಹೋಗುವ ನೂರಾರು ಒಕ್ಕಗಳಿಂದ. ಹೆಣ್ಣುಮಕ್ಕಳು, ಮಕ್ಕಳು, ಮುದುಕರು ಒಂದೇ ತಂಡದಲ್ಲಿ ಆಡುವ ಆಟ ಇದು. 2005ರ ಏಪ್ರಿಲಿನಲ್ಲಿ, ನಾನು ಆಪರೇಷನ್ ಆಗಿ ಎಂಟು ತಿಂಗಳಿಗೆ ಬೆಂಚಿನ ಮೇಲೆ ಕೂತಿದ್ದಾಗ, ನಮ್ಮಲ್ಲೂ ಹತ್ತೇ ಜನ ಇದ್ದರು. 61 ವರ್ಷದ ದೊಡ್ಡಪ್ಪ ನನ್ನ ಕೋಲು ಕೇಳಿ ತೆಗೆದುಕೊಂಡರು. ನನ್ನ ಜಾಗದಲ್ಲಿ ಚಿಕ್ಕಪ್ಪನ ಮಗಳನ್ನು, ಒಂಬತ್ತನೇ ಕ್ಲಾಸಿನವಳನ್ನು, ನಿಲ್ಲಿಸಿ ತಾವು ಅವಳ ಹಿಂದೆ ನಿಂತರು. ನಾಲ್ಕು ಗೋಲಿನಿಂದ ಸೋತೆವು. ದೊಡ್ಡಪ್ಪ ಮಣ್ಣು ಮೆತ್ತಿದ ಕೋಲನ್ನು ಪಂಚೆಯ ತುದಿಯಲ್ಲಿ ಒರೆಸಿ, ತಂದು ನನ್ನ ತೊಡೆಯ ಮೇಲಿಟ್ಟು, "ಮುಂದಿನ ವರ್ಷಕ್ಕೆ ನನ್ನಿಂದಾಗದು, ನೀನೇ ಇಳಿಯಬೇಕು" ಎಂದರು. ಮುಂದಿನ ವರ್ಷ ಇಳಿದೆ.