ಎರಡು ತಿಂಗಳು ಬೀಗ ಹಾಕಿದ್ದ ಮನೆ: ಶವರ್ ನೀರಿನಲ್ಲಿ ಲೀಜಿಯೊನೆಲ್ಲಾ ಇರಬಹುದೇ?

ಇರಬಹುದು. ಮಗಳ ಮನೆಯಿಂದ ಎರಡು ತಿಂಗಳ ಮೇಲೆ ವಾಪಸಾಗಿದ್ದೀರಿ, ಬಿಸಿನೀರು ತಾರಸಿಯ ಸೋಲಾರಿನಿಂದ ಬರುತ್ತದೆ, ಯಜಮಾನರಿಗೆ 68 ವರ್ಷ, ಸಕ್ಕರೆ ಕಾಯಿಲೆಯೂ ಇದೆ ಎಂದು ಬರೆದಿದ್ದೀರಿ. ನೀರು ಕುದಿಸಿ ಕುಡಿದರೆ ಸಾಕೇ ಎಂದೂ ಕೇಳಿದ್ದೀರಿ. ಸಾಲದು. ಲೀಜಿಯೊನೆಲ್ಲಾ ಎಂಬ ಈ ಬ್ಯಾಕ್ಟೀರಿಯಾ ಹೊಟ್ಟೆಗೆ ಹೋದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಶವರಿನ ಸಣ್ಣ ಹನಿಗಳ ಜೊತೆ ಉಸಿರಿನಲ್ಲಿ ಒಳಗೆ ಹೋದಾಗ ನ್ಯುಮೋನಿಯಾ ತರುತ್ತದೆ.

ಕೆರೆ, ಹೊಳೆ, ಹಸಿ ಮಣ್ಣಿನಲ್ಲಿ ಇದು ಸ್ವಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಹೆಚ್ಚಿ ಅಪಾಯವಾಗುವುದು ನಾವು ಕಟ್ಟಿದ ಟ್ಯಾಂಕು, ಪೈಪು, ದೊಡ್ಡ ಎಸಿಗಳ ಕೂಲಿಂಗ್ ಟವರುಗಳಲ್ಲಿ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಸೈನಿಕರಲ್ಲಿ ಹಲವರು ಇದರಿಂದಲೇ ಸತ್ತಾಗ ಇದು ಯಾವ ರೋಗಾಣು ಎಂಬುದೇ ಯಾರಿಗೂ ಗೊತ್ತಿರಲಿಲ್ಲ. 20ರಿಂದ 45 ಡಿಗ್ರಿಯ ನಿಂತ ನೀರು, ಪೈಪಿನೊಳಗೆ ಅಂಟಿದ ಲೋಳೆ, ಇವೆರಡು ಸಿಕ್ಕರೆ ಇದಕ್ಕೆ ಸಾಕು. ಆ ಲೋಳೆಯಲ್ಲಿರುವ ಅಮೀಬಾ ಇದನ್ನು ನುಂಗುತ್ತದೆ, ಆದರೆ ಅರಗಿಸಿಕೊಳ್ಳಲಾರದು. ಬ್ಯಾಕ್ಟೀರಿಯಾ ಒಳಗೇ ಹೆಚ್ಚಿ ಅಮೀಬಾವನ್ನು ಒಡೆದುಕೊಂಡು ಹೊರಬರುತ್ತದೆ. ಒಳಗಿರುವಷ್ಟು ಹೊತ್ತು ಕ್ಲೋರಿನ್ ಅದಕ್ಕೆ ಸರಿಯಾಗಿ ತಟ್ಟುವುದೂ ಇಲ್ಲ.

ಸೋಲಾರಿನ ವಿಷಯ ಹಲವರು ತಪ್ಪು ತಿಳಿಯುತ್ತಾರೆ. ಬಿಸಿಲಿದ್ದು, ನೀರು ಯಾರೂ ಬಳಸದಿದ್ದರೆ ಟ್ಯಾಂಕು 60 ಡಿಗ್ರಿ ದಾಟುತ್ತದೆ, ಅಲ್ಲಿ ಇದು ನಿಮಿಷಗಳಲ್ಲಿ ಸಾಯುತ್ತದೆ. ಅಪಾಯವಿರುವುದು ತಾರಸಿಯಿಂದ ಬಚ್ಚಲಿಗೆ ಇಳಿಯುವ ಪೈಪಿನಲ್ಲಿ, ಅಲ್ಲಿನ ನೀರು ಆರಿ ಉಗುರುಬೆಚ್ಚಗೆ ನಿಂತಿರುತ್ತದೆ. ಮಳೆಗಾಲದ ಮೋಡ ಕವಿದ ದಿನಗಳಲ್ಲಾದರೆ ಟ್ಯಾಂಕೇ 35-40 ಡಿಗ್ರಿಯಲ್ಲಿ ಉಳಿಯುತ್ತದೆ. ಆಗ ಬ್ಯಾಕಪ್ ಹೀಟರ್ ಹಾಕಲೇಬೇಕು.

ಈಗ ಮಾಡಬೇಕಾದ್ದು. ಈ ಕೆಲಸ ಯಜಮಾನರು ಮಾಡುವುದು ಬೇಡ. ಆರೋಗ್ಯವಾಗಿರುವ ಕಿರಿಯರು ಎನ್-95 ಮಾಸ್ಕ್ ಹಾಕಿಕೊಂಡು ಮಾಡಲಿ. ಮೊದಲು ಓವರ್‌ಹೆಡ್ ಟ್ಯಾಂಕಿನ ಕೆಸರು ತೆಗೆದು, ಉಜ್ಜಿ ತೊಳೆದು ತುಂಬಿಸಿ. ಸೋಲಾರಿಗೂ ಆರ್‌ಒ ಯಂತ್ರಕ್ಕೂ ಹೋಗುವ ವಾಲ್ವ್ ಮುಚ್ಚಿ. 1000 ಲೀಟರಿಗೆ ಸುಮಾರು 170 ಗ್ರಾಂ ಬ್ಲೀಚಿಂಗ್ ಪೌಡರ್ (30% ಕ್ಲೋರಿನ್ ಇರುವ ಹೊಸ ಪೊಟ್ಟಣ, ಹಳೆಯದರಲ್ಲಿ ಸತ್ವ ಹೋಗಿರುತ್ತದೆ) ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನಷ್ಟೇ ಸುರಿಯಿರಿ. ತಣ್ಣೀರಿನ ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರುವವರೆಗೆ ಬಿಟ್ಟು, ಮುಚ್ಚಿ, ಒಂದು ಗಂಟೆ ಕಾಯಿರಿ. ಆಮೇಲೆ ಪೂರ್ತಿ ಖಾಲಿ ಮಾಡಿ, ಹೊಸ ನೀರು ತುಂಬಿ, ವಾಸನೆ ಹೋಗುವವರೆಗೆ ನಲ್ಲಿಗಳನ್ನು ಮತ್ತೆ ಹರಿಸಿ.

ಬಿಸಿನೀರಿಗೆ ಕ್ಲೋರಿನ್ ಬೇಡ, ಶಾಖವೇ ಮದ್ದು. ಮುಚ್ಚಿದ್ದ ವಾಲ್ವ್‌ಗಳನ್ನು ಈಗ ತೆರೆಯಿರಿ. ಸೋಲಾರ್ ಟ್ಯಾಂಕು 60 ಡಿಗ್ರಿಗೆ ಬಂದು ಒಂದು ಗಂಟೆಯಾದ ಮೇಲೆ ಶವರ್ ತಲೆ ಬಿಚ್ಚಿ, ಕಿಟಕಿ ತೆರೆದು, ನೀರು ಸಿಡಿಯದಂತೆ ಒಂದೊಂದೇ ನಲ್ಲಿಯನ್ನು ಮೆಲ್ಲಗೆ ತಿರುಗಿಸಿ. ಬಕೆಟ್ಟಿನಲ್ಲಿ ಥರ್ಮಾಮೀಟರ್ ಇಟ್ಟು ನೋಡಿ, ಅಲ್ಲೇ 60 ಬಂದ ಮೇಲೆ ಐದು ನಿಮಿಷ ಹರಿಯಲಿ. ಟ್ಯಾಂಕಿನ ಮೇಲ್ಭಾಗ ಬಿಸಿಯಿದ್ದರೂ ತಳದ ನೀರು ತಣ್ಣಗಿರುತ್ತದೆ, ಹಾಗಾಗಿ ಟ್ಯಾಂಕಿನ ಮೀಟರನ್ನೇ ನಂಬಬೇಡಿ. ಎಚ್ಚರ, 60 ಡಿಗ್ರಿ ನೀರು ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ. ಬೋರ್‌ವೆಲ್ ನೀರಾದರೆ ಶವರ್ ತಲೆಯಲ್ಲಿ ಬಿಳಿ ಕಿಟ್ಟ ಕಟ್ಟಿರುತ್ತದೆ, ಲೋಳೆ ಅಡಗುವುದು ಅಲ್ಲೇ. ವಿನೆಗರಿನಲ್ಲಿ ರಾತ್ರಿ ನೆನೆಹಾಕಿ ಉಜ್ಜಿ. ವಿನೆಗರ್ ಮತ್ತು ಬ್ಲೀಚಿಂಗ್ ಪೌಡರ್ ಯಾವ ಕಾರಣಕ್ಕೂ ಸೇರಬಾರದು, ವಿಷಾನಿಲ ಬರುತ್ತದೆ.

ಇದೆಲ್ಲ ಮುಗಿಯುವವರೆಗೆ ಯಜಮಾನರಿಗೆ ಚೊಂಬಿನ ಸ್ನಾನವೇ ಇರಲಿ, ಅದರಲ್ಲಿ ಹನಿ ಏಳುವುದು ತೀರ ಕಡಿಮೆ.

ಇಷ್ಟರಲ್ಲೇ ಶವರ್ ಬಳಸಿದ್ದರೆ ಎರಡು ವಾರ ಗಮನಿಸಿ. ಜ್ವರ, ಕೆಮ್ಮು, ಏದುಸಿರು (ಕೆಲವರಿಗೆ ಜೊತೆಗೆ ಭೇದಿ ಅಥವಾ ಮಾತಿನಲ್ಲಿ ಗೊಂದಲ) ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ, ಬೀಗ ಹಾಕಿದ್ದ ಮನೆಯ ವಿಷಯ ವೈದ್ಯರಿಗೆ ಹೇಳಿ. ಅಮಾಕ್ಸಿಸಿಲಿನ್ ಇದಕ್ಕೆ ನಾಟುವುದಿಲ್ಲ, ಅಜಿತ್ರೊಮೈಸಿನ್ ಅಥವಾ ಲೀವೊಫ್ಲಾಕ್ಸಸಿನ್ ಬೇಕಾಗುತ್ತದೆ. ಮೂತ್ರದ ಪರೀಕ್ಷೆ ಮುಖ್ಯವಾಗಿ ಲೀಜಿಯೊನೆಲ್ಲಾದ ಒಂದೇ ಬಗೆಯನ್ನು ಹಿಡಿಯುವುದರಿಂದ, ನೆಗೆಟಿವ್ ಬಂದರೂ ಕಫದ ಪರೀಕ್ಷೆ ಕೇಳಿ.