ಡೇರೆ ಮೇಳಕ್ಕೆ ಊರಿನ ಹೆಸರು

ಓದುಗರ ಪತ್ರ: "2008ರ ಎಪ್ರಿಲ್ 18ರಿಂದ ಜೂನ್ 1ರವರೆಗೆ ದೇಶವೆಲ್ಲ ಇಂಡಿಯನ್ ಪ್ರೀಮಿಯರ್ ಲೀಗಿನ ಮೊದಲ ಆವೃತ್ತಿಯನ್ನು ನೋಡುತ್ತಿದ್ದಾಗ ನಿಮ್ಮ ಪತ್ರಿಕೆ ಮಾತ್ರ ಯಕ್ಷಗಾನ ಮೇಳಗಳ ವರದಿಯಲ್ಲಿ ಮುಳುಗಿತ್ತು. ರಣಜಿಯಲ್ಲಿ ನಾವು ಕೇರಳದವರು, ರೇಷನ್ ಕಾರ್ಡಿನಲ್ಲಿಯೂ ಕೇರಳದವರು. ಈ ಲೀಗಿನಲ್ಲಿ ರಾಜ್ಯಗಳಿಲ್ಲ, ತಂಡಗಳು ಮಾತ್ರ ಇವೆ. ಕಾಸರಗೋಡಿನ ಕನ್ನಡಿಗನು ಯಾರ ಅಪ್ಪಣೆಯೂ ಇಲ್ಲದೆ ಬೆಂಗಳೂರಿನ ತಂಡವೊಂದನ್ನು ನಮ್ಮದು ಎನ್ನುವಂತಾದದ್ದು ಇದೇ ಮೊದಲು. ಅದನ್ನು ಗುರುತಿಸಲು ನಿಮಗೇಕೆ ಮನಸ್ಸಾಗಲಿಲ್ಲ? ಹಾಕಿದ ಒಂದು ತುಣುಕು ಸುದ್ದಿಯಲ್ಲಿಯೂ ಮೆಕಲಮ್ ಹೊಡೆದ ರನ್ನುಗಳ ಸಂಖ್ಯೆ ತಪ್ಪಾಗಿದೆ."
– ಓದುಗ, ಪೆರ್ಲ (ಹೆಸರು ಪ್ರಕಟಿಸಬಾರದೆಂದು ಕೋರಿದ್ದಾರೆ)

ಸಂಪಾದಕರ ಉತ್ತರ: ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಇಷ್ಟು ಅಚ್ಚುಕಟ್ಟಾದ ಕನ್ನಡದಲ್ಲಿ ಬೈಸಿಕೊಳ್ಳುವ ಯೋಗ ಸಂಪಾದಕನಿಗೆ ಈಚೆಗೆ ಅಪರೂಪವಾಗಿರುವುದರಿಂದ ಮೊದಲು ಸಂತೋಷವೇ ಆಯಿತು. ನಮ್ಮ ಮೌನ ಮರೆವಿನಿಂದ ಆದದ್ದಲ್ಲ, ಬೇಕೆಂದೇ ಮಾಡಿದ್ದು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ವರ್ಷದ ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚಿ ಒಂದು ವಾರವಾಗುವಷ್ಟರಲ್ಲಿ ಲೀಗಿನ ಫೈನಲ್ ಕೂಡ ಮುಗಿಯಿತು. ಈ ಎರಡು ತಿರುಗಾಟಗಳೂ ಮುಗಿದ ಮೇಲೆ ಮಾತಾಡಿದರೆ ಸಾಕೆಂದು ಸುಮ್ಮನಿದ್ದೆ. ಈಗ ನೀವಾಗಿಯೇ ಕೆಣಕಿದ್ದೀರಿ.

ನೀವು ಹೇಳಿದ್ದರಲ್ಲಿ ನಿಜವಿಲ್ಲವೆಂದಲ್ಲ. ರಣಜಿ ಪಂದ್ಯದ ಸಂಭಾವನೆಯಲ್ಲಿ ದಿನ ದೂಡುತ್ತಿದ್ದ ಹುಡುಗರಿಗೆ ಈ ಲೀಗು ನಾಲ್ಕು ಕಾಸು ಕೊಟ್ಟಿತು. ಗೋವಾದ ಸ್ವಪ್ನಿಲ್ ಅಸ್ನೋಡ್ಕರ್ ಎಂಬ ಹೆಸರನ್ನು ಮೂರು ತಿಂಗಳ ಹಿಂದೆ ಕೇಳಿದ್ದವರು ಗೋವಾದ ಹೊರಗೆ ಎಷ್ಟು ಮಂದಿ ಇದ್ದರು? ನಮ್ಮದೇ ಕರಾವಳಿಯ ಆ ಹುಡುಗ ಈಗ ಮನೆಮನೆಗೆ ಪರಿಚಿತ. ಇದಿಷ್ಟು ಒಳ್ಳೆಯದೇ ಆಯಿತು.

ಆದರೆ "ನಮ್ಮದು" ಎಂದು ಬರೆದಿದ್ದೀರಲ್ಲ, ಆ ಮಾತಿನ ಬಳಿ ನಾನು ನಿಂತುಬಿಟ್ಟೆ. ಎಪ್ರಿಲ್ 18ರ ಶುಕ್ರವಾರ ರಾತ್ರಿ ಪುಟಗಳನ್ನು ಮುದ್ರಣಕ್ಕೆ ಕೊಟ್ಟು ಕಾಸರಗೋಡಿನ ಹಳೆ ಬಸ್ ನಿಲ್ದಾಣದ ಬಳಿಯ ಹೋಟೆಲಿಗೆ ಚಹಾ ಕುಡಿಯಲು ಹೋಗಿದ್ದೆ. ಗಲ್ಲಾಪೆಟ್ಟಿಗೆಯ ಮೇಲಿನ ಟಿವಿಯಲ್ಲಿ ಕೋಲ್ಕತ್ತಾ ತಂಡದ ಬ್ರೆಂಡನ್ ಮೆಕಲಮ್ ಬೆಂಗಳೂರಿನ ಬೌಲರುಗಳನ್ನು ಭತ್ತ ಬಡಿದಂತೆ ಬಡಿಯುತ್ತಿದ್ದರು. ಒಟ್ಟು ಹದಿಮೂರು ಸಿಕ್ಸರುಗಳು. ಕಣ್ಣೂರಿನ ಕಡೆಯ ಸಪ್ಲೈಯರ್ ಹುಡುಗ ಪ್ರತಿ ಸಿಕ್ಸರಿಗೂ ಕುಣಿಯುತ್ತಿದ್ದುದು ಕೋಲ್ಕತ್ತಾದ ಮೇಲಿನ ಪ್ರೀತಿಯಿಂದಲ್ಲ, ಆ ತಂಡದ ಒಡೆಯ ಶಾರುಖ್ ಖಾನರ ಮೇಲಿನ ಪ್ರೀತಿಯಿಂದ. ಮೂಲೆಯ ಮೇಜಿನಲ್ಲಿ ನೀರ್ಚಾಲಿನ ನಿವೃತ್ತ ಮೇಷ್ಟ್ರೊಬ್ಬರು ಗೋಳಿಬಜೆಯ ತಟ್ಟೆ ಎದುರಿಗಿಟ್ಟುಕೊಂಡು ಕುಳಿತಿದ್ದರು. 223 ರನ್ನುಗಳ ಗುರಿ ಬೆನ್ನಟ್ಟಲು ಬಂದ ರಾಹುಲ್ ದ್ರಾವಿಡ್ ಎರಡೇ ರನ್ನಿಗೆ ಇಶಾಂತ್ ಶರ್ಮಾರ ಚೆಂಡಿಗೆ ಬೌಲ್ಡ್ ಆದಾಗ ಅವರು ತಟ್ಟೆಯನ್ನು ಮೆಲ್ಲಗೆ ಆಚೆಗೆ ಸರಿಸಿ, ದುಡ್ಡು ಕೊಟ್ಟು ಹೊರಟುಹೋದರು. ಸ್ವಲ್ಪ ಹೊತ್ತಿನಲ್ಲಿ ಗಲ್ಲಾದವರು ಮಲಯಾಳ ಧಾರಾವಾಹಿಗೆ ಚಾನೆಲ್ ತಿರುಗಿಸಿದರು, ಯಾರೂ ಬೇಡವೆನ್ನಲಿಲ್ಲ. ಬೆಂಗಳೂರು 82ಕ್ಕೆ ಮುಗಿದುಹೋಯಿತೆಂದು, ಅದರಲ್ಲಿ ಇತರೆ ರನ್ನುಗಳೇ ಎಲ್ಲರಿಗಿಂತ ಹೆಚ್ಚಾಗಿ 19 ಇದ್ದವೆಂದು ಮರುದಿನ ತಿಳಿಯಿತು. ಮೇಷ್ಟ್ರಿಗೆ ನೋವಾದದ್ದು ದ್ರಾವಿಡರಿಗಾಗಿ. ಕೆಂಪು ಅಂಗಿಯ ಆ ತಂಡದ ಮೇಲೆ ಅವರಿಗೆ ಅದಕ್ಕಿಂತ ಹೆಚ್ಚಿನ ಮಮಕಾರವಿದ್ದಿದ್ದರೆ ಉಳಿದ ಒಂಬತ್ತು ವಿಕೆಟುಗಳನ್ನೂ ನೋಡಿ ಹೋಗುತ್ತಿದ್ದರು.

ವಾರ ಕಳೆದು ಮೊಹಾಲಿಯಲ್ಲಿ ಮುಂಬಯಿ ತಂಡದ ಹರಭಜನ್ ಸಿಂಗರು ಪಂಜಾಬ್ ತಂಡದಲ್ಲಿದ್ದ ಕೇರಳದ ಶ್ರೀಶಾಂತರ ಕೆನ್ನೆಗೆ ಹೊಡೆದರು. ಮರುದಿನವೇ ನಮ್ಮ ಮಲಯಾಳಿ ಗೆಳೆಯರೆಲ್ಲ ಪಂಜಾಬಿನ ಅಭಿಮಾನಿಗಳಾದರು. ಅವರ ರಾಜ್ಯಕ್ಕೆ ತಂಡವೇ ಇಲ್ಲ, ಇದ್ದದ್ದು ಒಬ್ಬ ಹುಡುಗ. ಅವನು ಹೋದಲ್ಲಿಗೆ ಅವರ ಮನಸ್ಸೂ ಹೋಯಿತು. ಅದು ನನಗೆ ಅರ್ಥವಾಗುವ ಅಭಿಮಾನ.

"ಇದೇ ಮೊದಲು" ಎಂದು ಬರೆದಿರುವುದಕ್ಕಂತೂ ನಿಮ್ಮ ಕಿವಿ ಹಿಂಡಬೇಕಾಗಿದೆ. 1974ರಲ್ಲಿ ನನ್ನ ಸೋದರಮಾವ ಬೆಂಗಳೂರಿನ ಗಾಂಧಿನಗರದ ಹೋಟೆಲೊಂದರಲ್ಲಿ ಮಾಣಿಯಾಗಿದ್ದರು. ಕಾಸರಗೋಡು ಕೇರಳಕ್ಕೆ ಸೇರಿ ಹದಿನೇಳು ವರ್ಷಗಳಾಗಿದ್ದವು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಹೇಳಿದ ಮಹಾಜನ ಆಯೋಗದ ವರದಿ ಬಂದೇ ಆರು ವರ್ಷ ಕಳೆದಿತ್ತು. ಆ ವರ್ಷದ ರಣಜಿ ಸೆಮಿಫೈನಲಿನಲ್ಲಿ, ಸತತ ಹದಿನೈದು ವರ್ಷ ಟ್ರೋಫಿಯನ್ನು ಬಿಟ್ಟುಕೊಡದ ಬೊಂಬಾಯಿಯ ಎದುರು ಕರ್ನಾಟಕ ಆಡಿತು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ. ಮಾವ ಪಾಳಿ ಬದಲಾಯಿಸಿಕೊಂಡು ಮೈದಾನಕ್ಕೆ ಹೋಗಿ ವಿಶ್ವನಾಥರ 162 ರನ್ನುಗಳನ್ನೂ, ಪ್ರಸನ್ನ ಗಾವಸ್ಕರರನ್ನು ಬೌಲ್ಡ್ ಮಾಡಿದ ಚೆಂಡನ್ನೂ ಕಣ್ಣಾರೆ ಕಂಡು ಬಂದವರು. ಊರಿಗೆ ಬಂದಾಗಲೆಲ್ಲ ಜಗಲಿಯಲ್ಲಿ ಕೈಗೊಂದು ಗೋಟಡಿಕೆ ತೆಗೆದುಕೊಂಡು ಆ ಚೆಂಡು ಹೇಗೆ ತೇಲಿತು, ಎಲ್ಲಿ ಇಳಿಯಿತು, ಎತ್ತ ತಿರುಗಿತು ಎಂದು ತೋರಿಸುತ್ತಿದ್ದರು. ಗಾವಸ್ಕರ್ ಆಗಿ ಕಂಬದ ಮುಂದೆ ನಿಲ್ಲುವ ಕೆಲಸ ನನ್ನದು. ಇಪ್ಪತ್ತು ವರ್ಷಗಳಲ್ಲಿ ಒಮ್ಮೆಯೂ ನನಗೆ ಆ ಅಡಿಕೆ ಸಿಗಲಿಲ್ಲ. ಮಾವನ ರೇಷನ್ ಕಾರ್ಡೂ ಕೇರಳದ್ದೇ. ಆದರೆ "ನಮ್ಮವರು ಬೊಂಬಾಯಿಯನ್ನು ಹೊಡೆದರು" ಎನ್ನುವುದಕ್ಕೆ ಅವರು ಯಾರ ಅಪ್ಪಣೆಯನ್ನೂ ಕೇಳಿದವರಲ್ಲ. ನೀವು ಈ ವರ್ಷ ಸಿಕ್ಕಿತೆಂದು ಬೀಗುತ್ತಿರುವ ಸ್ವಾತಂತ್ರ್ಯ ನಿಮ್ಮ ಅಜ್ಜನ ಜಗಲಿಯಲ್ಲಿ ಆಗಲೇ ಇತ್ತು.

ಇನ್ನು ನನ್ನ ಹಳೆಯ ಹುಚ್ಚಿಗೆ ಬರುತ್ತೇನೆ. ಈ ಪತ್ರಿಕೆಯ ಓದುಗರು ಇಪ್ಪತ್ತು ಸಲ ಕೇಳಿದ ಮಾತನ್ನು ಇಪ್ಪತ್ತೊಂದನೆಯ ಸಲ ಸಹಿಸಿಕೊಳ್ಳಬೇಕು. ಬಯಲಿನಲ್ಲಿ ಟಿಕೆಟಿಲ್ಲದೆ ನಡೆಯುವ ಯಕ್ಷಗಾನ ಬಯಲಾಟಕ್ಕೂ, ಡೇರೆ ಕಟ್ಟಿ ಟಿಕೆಟಿಗೆ ಆಡುವ ಡೇರೆ ಮೇಳಕ್ಕೂ ಇರುವ ಅಂತರ ಟಿಕೆಟಿನದು ಮಾತ್ರವಲ್ಲ. ಬಯಲಾಟವನ್ನು ನಾವು "ಆಡಿಸುತ್ತೇವೆ". ಗದ್ದೆಯ ಹುಣಿ, ಅಂದರೆ ಬದು, ಕಡಿದು ಸಮ ಮಾಡುವವರು, ವೇಷ ಕಟ್ಟುವ ಚೌಕಿಗೆ ಚಪ್ಪರ ಹಾಕುವವರು, ಕಲಾವಿದರಿಗೆ ಊಟ ಬಡಿಸುವವರು ಎಲ್ಲರೂ ಊರವರೇ. ಮೇಳ ಎಲ್ಲಿಯದಾದರೂ ಆ ರಾತ್ರಿಯ ಆಟ ನಮ್ಮದು. ಡೇರೆಯೊಳಗೆ ನಮಗಿರುವುದು ನೋಡುವ ಕೆಲಸ ಮಾತ್ರ. ಆರಾಮ ಕುರ್ಚಿಯಾದರೆ ಇಷ್ಟು, ನೆಲವಾದರೆ ಅಷ್ಟು. ಲೀಗಿನ ಈ ಮೊದಲ ಆವೃತ್ತಿಯ ಎಂಟು ತಂಡಗಳೂ ನನ್ನ ಕಣ್ಣಿಗೆ ಡೇರೆ ಮೇಳಗಳೇ. ಫೆಬ್ರವರಿ 20ರಂದು ಮುಂಬಯಿಯಲ್ಲಿ ಆಟಗಾರರ ಹರಾಜು ನಡೆದು ಧೋನಿಯವರು 15 ಲಕ್ಷ ಡಾಲರಿಗೆ, ಅಂದರೆ ಸುಮಾರು ಆರು ಕೋಟಿ ರೂಪಾಯಿಗೆ ಚೆನ್ನೈಗೆ ಹೋದಾಗ ಮನುಷ್ಯರ ಹರಾಜೇ ಎಂದು ಹಲವರು ಹೌಹಾರಿದರು. ನನಗೆ ಆಶ್ಚರ್ಯವಾಗಲಿಲ್ಲ. ಮುಂಗಡ ಕೊಟ್ಟು ಹಾಡಿ ಆಟ ನಡೆಸುವ ಭಾಗವತರನ್ನು, ಸ್ತ್ರೀವೇಷದವರನ್ನು ಇನ್ನೊಂದು ಮೇಳದಿಂದ ಎಳೆದು ತರುವ ಯಜಮಾನರನ್ನು ನಾವು ಬಾಲ್ಯದಿಂದ ನೋಡಿದ್ದೇವೆ. ಡೇರೆ ಮೇಳ ತಪ್ಪೆಂದು ನಾನು ಹೇಳುವುದಿಲ್ಲ. ಎಷ್ಟೋ ಕಲಾವಿದರ ಮನೆಗೆ ಹೆಂಚು ಹೊದಿಸಿದ್ದು ಅದೇ ಡೇರೆ. ಅದಕ್ಕೆ ಊರಿನ ಹೆಸರಿಟ್ಟ ಮಾತ್ರಕ್ಕೆ ಅದು ಊರಿನದಾಗುವುದಿಲ್ಲ ಎಂಬಷ್ಟೇ ನನ್ನ ವಾದ.

ಯಕ್ಷಗಾನ ಕಲಾವಿದ ಶೇಣಿ ಗೋಪಾಲಕೃಷ್ಣ ಭಟ್ಟರು ಸುರತ್ಕಲ್ ಮೇಳದಲ್ಲಿದ್ದಾಗ ನಮ್ಮವರು ಡೇರೆಗೆ ನುಗ್ಗಿದ್ದು ಶೇಣಿಯವರ ಮಾತು ಕೇಳುವುದಕ್ಕೆ. ಮೇಳದ ಹೆಸರು ಬೇರೆಯಾಗಿದ್ದರೂ ಹೋಗುತ್ತಿದ್ದರು. ಈಗ ಈ ಬಾರಿಯ ಚಾಂಪಿಯನ್ ತಂಡವನ್ನು ನೋಡಿ. ಈ 2008ರವರೆಗೆ ರಣಜಿಯಲ್ಲಿ ಎಂಟು ಬಾರಿ ಫೈನಲ್ ತಲುಪಿ ಎಂಟು ಬಾರಿಯೂ ಸೋತ ರಾಜ್ಯ ರಾಜಸ್ಥಾನ. ಆ 1974ರ ಫೈನಲಿನಲ್ಲಿ ನಮ್ಮವರ ಕೈಯಲ್ಲೇ ಜೈಪುರದಲ್ಲಿ ಸೋತದ್ದು. ಈಗ ಜೂನ್ 1ರಂದು ನವಿ ಮುಂಬಯಿಯಲ್ಲಿ ಚೆನ್ನೈಯ 163ನ್ನು ಕೊನೆಯ ಚೆಂಡಿನಲ್ಲಿ ದಾಟಿ ರಾಜಸ್ಥಾನ ರಾಯಲ್ಸ್ ಗೆದ್ದಿತು. ಕೊನೆಯ ರನ್ ಓಡಿದ್ದು ಪಾಕಿಸ್ತಾನದ ಸೊಹೈಲ್ ತನ್ವೀರ್. ಪಂದ್ಯವನ್ನು ಆ ಹಂತಕ್ಕೆ ತಂದದ್ದು ಬರೋಡದ ಯೂಸುಫ್ ಪಠಾಣ್. ನಾಯಕ ಆಸ್ಟ್ರೇಲಿಯದ ಶೇನ್ ವಾರ್ನ್. ಅಂದು ಆಡಿದ ಹನ್ನೊಂದು ಮಂದಿಯಲ್ಲಿ ರಾಜಸ್ಥಾನದ ಒಬ್ಬನೂ ಇರಲಿಲ್ಲ. ವಾರ್ನ್ ಬಗ್ಗೆ ನನಗೆ ಮೆಚ್ಚುಗೆಯಿದೆ. ಎಂಟರಲ್ಲಿ ಅತಿ ಕಡಿಮೆ ಬೆಲೆಗೆ, 6.7 ಕೋಟಿ ಡಾಲರಿಗೆ ಮಾರಾಟವಾದ ತಂಡವನ್ನು ನಾಯಕನೂ ಕೋಚೂ ತಾನೇ ಆಗಿ, ಜಾಗಟೆ ಹಿಡಿದ ಭಾಗವತನಂತೆ ಹಿಂದೆ ನಿಂತು ಕುಣಿಸಿದರು. ಅದು ಮೇಳದ ಗೆಲುವು, ಭಾಗವತರ ಗೆಲುವು. ಆ ಎಂಟು ಫೈನಲುಗಳಲ್ಲಿ ಸೋತ ರಾಜಸ್ಥಾನದ ಮುದುಕರಿಗೆ ಅದರಲ್ಲಿ ಎಷ್ಟು ಪಾಲು ಸಿಕ್ಕಿತೆಂದು ಯೋಚಿಸುತ್ತೇನೆ.

ಬೆಂಗಳೂರಿನ ತಂಡದಲ್ಲಿ ಕನ್ನಡದ ಹುಡುಗರಿದ್ದರಲ್ಲ ಎಂದು ನೀವು ಹೇಳಬಹುದು. ಇದ್ದರು. ದ್ರಾವಿಡ್, ಕುಂಬ್ಳೆ, ಸುನಿಲ್ ಜೋಶಿ, ವಿನಯ್ ಕುಮಾರ್ ಇದ್ದರು. ಹದಿನಾಲ್ಕರಲ್ಲಿ ನಾಲ್ಕು ಪಂದ್ಯ ಗೆದ್ದು ತಂಡ ಏಳನೆಯ ಸ್ಥಾನಕ್ಕೆ ಇಳಿಯಿತು. ಸೋಲುವುದು ಆಟದಲ್ಲಿ ಇದ್ದದ್ದೇ. ಆದರೆ 11.16 ಕೋಟಿ ಡಾಲರ್ ಕೊಟ್ಟು, ತಮ್ಮ ವಿಸ್ಕಿಯ ಹೆಸರನ್ನೇ ತಂಡಕ್ಕೂ ಅಂಟಿಸಿದ ಮಾಲೀಕರು ಮಾಡಿದ್ದೇನು? ತಂಡದ ಆಡಳಿತ ನೋಡುತ್ತಿದ್ದ ಚಾರು ಶರ್ಮಾ ಅರ್ಧ ತಿರುಗಾಟದಲ್ಲೇ ಹೊರಬಿದ್ದರು; ಆಟಗಾರರ ಆಯ್ಕೆಯ ದೋಷವನ್ನು ನಾಯಕ ದ್ರಾವಿಡರ ತಲೆಗೆ ಬಹಿರಂಗವಾಗಿ ಕಟ್ಟಲಾಯಿತು. ನಮ್ಮ ಮೇಳಗಳ ಯಜಮಾನರಲ್ಲಿ ಕೆಟ್ಟವರೂ ಇದ್ದರು, ಆದರೆ ಆಟ ಕಳೆಗಟ್ಟಲಿಲ್ಲವೆಂದು ಭಾಗವತರನ್ನು ಪ್ರೇಕ್ಷಕರ ಎದುರಿಗೆ ಗದರಿದವರನ್ನು ನಾನು ಕಂಡಿಲ್ಲ. ಮೂವತ್ತೈದು ವರ್ಷದ ದ್ರಾವಿಡ್ ಬೆಂಗಳೂರಿಗೆ ಏನಾಗಿದ್ದಾರೆಂದು ತಿಳಿದ ಊರು ಹಾಗೆ ಮಾಡುತ್ತಿರಲಿಲ್ಲ. ಮಾಡಿದ್ದು ಡೇರೆ.

ಮತ್ತೊಂದು ವಿಷಯ. ಪ್ರತಿ ತಂಡವೂ ತನ್ನ ಕ್ಯಾಚ್‌ಮೆಂಟ್ ಪ್ರದೇಶದ ನಾಲ್ವರು ಆಟಗಾರರನ್ನಾದರೂ ಇಟ್ಟುಕೊಳ್ಳಬೇಕೆಂಬ ನಿಯಮ ಈ ಮೊದಲ ಆವೃತ್ತಿಯಲ್ಲಿತ್ತು. ಈ ಪದ ಅಣೆಕಟ್ಟಿನವರದು. ಕನ್ನಡದಲ್ಲಿ ಜಲಾನಯನ ಎನ್ನುತ್ತೇವೆ. ನಮ್ಮ ಚಂದ್ರಗಿರಿ ಹುಟ್ಟುವುದು ಕೊಡಗಿನ ಬೆಟ್ಟಗಳಲ್ಲಿ, ಸಮುದ್ರ ಸೇರುವುದು ಇಲ್ಲಿ. ಹಾಗಾದರೆ ಮುಳ್ಳೇರಿಯದಲ್ಲಿಯೋ ಬದಿಯಡ್ಕದಲ್ಲಿಯೋ ಚೆನ್ನಾಗಿ ಚೆಂಡೆಸೆಯುವ ಕನ್ನಡದ ಹುಡುಗ ಯಾರ ಜಲಾನಯನದವನು? ಬೆಂಗಳೂರು ಅವನನ್ನು ಹುಡುಕಿಕೊಂಡು ಬಂತೇ? ರಾಜ್ಯಗಳಿಲ್ಲದ ಲೀಗು ಎಂದಿರಿ. ಅನಿಲ್ ಕುಂಬ್ಳೆಯವರ ಹೆಸರಿನಲ್ಲಿ ನಮ್ಮೂರು ಪರ್ತ್‌ವರೆಗೂ ಹೋಗಿದೆ, ಈ ಜನವರಿಯಲ್ಲಿ ಅಲ್ಲಿ 600ನೆಯ ಟೆಸ್ಟ್ ವಿಕೆಟನ್ನೂ ಪಡೆದಿದೆ. ಆದರೆ ನಮ್ಮ ಕನ್ನಡ ಪತ್ರಿಕೆಗಳೇ ಆಟಗಾರನನ್ನು "ಕುಂಬ್ಳೆ" ಎಂದೂ ಊರನ್ನು "ಕುಂಬಳೆ" ಎಂದೂ ಬೇರೆ ಬೇರೆ ಬರೆಯುತ್ತವೆ. ಎರಡಕ್ಕೂ ಸಂಬಂಧವಿದೆಯೆಂದು ಬೆಂಗಳೂರಿನ ಎಷ್ಟು ಓದುಗರಿಗೆ ಗೊತ್ತಿರಬಹುದು? ನಲ್ವತ್ತೈದು ದಿನ ಟಿವಿಯ ಮುಂದೆ ಕುಳಿತ ನೀವು ವೀಕ್ಷಕ ವಿವರಣೆಯಲ್ಲಿ ಒಂದು ಕನ್ನಡ ವಾಕ್ಯ ಕೇಳಿದಿರಾ? ಹತ್ತು ವರ್ಷಗಳ ಪ್ರಸಾರದ ಹಕ್ಕು ನೂರು ಕೋಟಿ ಡಾಲರಿಗೂ ಮೀರಿ ಹೋಯಿತು, ನಾಟ್ಯದ ಹುಡುಗಿಯರು ಅಮೆರಿಕದಿಂದ ಬಂದರು. ಬೆಂಗಳೂರಿನ ಹೆಸರು ಹೊತ್ತ ತಂಡಕ್ಕೆ ಕನ್ನಡದ ನಾಲ್ಕು ಮಾತು ಮಾತ್ರ ದುಬಾರಿಯಾಯಿತು. ಈ ಪ್ರದೇಶದ ಊರುಗಳ ಫಲಕಗಳಲ್ಲಿ ಮಂಜೇಶ್ವರ ಮಂಜೇಶ್ವರಂ ಆದಾಗ ನಾವು ಮನವಿಪತ್ರ ಹಿಡಿದು ತಿರುವನಂತಪುರಕ್ಕೆ ಹೋಗುತ್ತೇವೆ. ಬೆಂಗಳೂರಿನಲ್ಲಿ ಕನ್ನಡ ಮಾಯವಾದರೆ ಮನವಿ ಕೊಡುವುದು ಯಾರಿಗೆ?

ನಮ್ಮ ಗದ್ದೆಗಳಲ್ಲಿ ಸುಗ್ಗಿ ಕೊಯ್ಲು ಮುಗಿದ ಮೇಲೆ ನಡೆಯುವ ನಿಗದಿತ ಓವರುಗಳ ಅಂಡರ್ ಆರ್ಮ್ ಕ್ರಿಕೆಟ್ ಪಂದ್ಯಾಟಗಳನ್ನು ನೀವು ಖಂಡಿತ ಆಡಿರುತ್ತೀರಿ. ನಾನೂ ಆಡಿದವನೇ. ನಮ್ಮ ಕ್ಲಬ್ಬಿನ ಪಂದ್ಯಾಟದಲ್ಲಿ ಅಂಪೈರರು ಅಡಿಕೆ ಹಾಳೆಯ ಟೋಪಿ ಮುಟ್ಟಾಳೆ ಧರಿಸಿ ಹುಣಿಯ ಮೇಲೆ ಕುಳಿತಿರುತ್ತಿದ್ದರು, ಕೂಳೆಗೆ ತಾಗಿ ಚೆಂಡು ಎತ್ತ ಹಾರುತ್ತದೆಂದು ದೇವರಿಗೂ ಗೊತ್ತಿರುತ್ತಿರಲಿಲ್ಲ, ಟ್ರೋಫಿಯ ಜೊತೆಗೆ ಒಂದು ಕದಳಿ ಬಾಳೆಗೊನೆ. ನಿಮ್ಮೆದುರು ಸುಳ್ಳೇಕೆ, ಅತಿಥಿ ಆಟಗಾರರನ್ನು ನಾವೂ ತಂದಿದ್ದೆವು. ಒಂದು ವರ್ಷ ಹೊಳೆಯ ಆಚೆಯಿಂದ ಬಂದ ಎಡಗೈ ಹೊಡೆತಗಾರನಿಗೆ ನೂರು ರೂಪಾಯಿ, ಬಸ್ಸಿನ ಖರ್ಚು, ಕಾರ್ಯದರ್ಶಿಯ ಮನೆಯಲ್ಲಿ ಕೋಳಿಸಾರಿನ ಊಟ ಎಂದು ಮಾತಾಗಿತ್ತು. ಆತ ಫೈನಲಿನಲ್ಲಿ ಸೊನ್ನೆಗೆ ಔಟಾದ, ನಾವು ಸೋತೆವು. ಊಟಕ್ಕೆ ಕುಳಿತಾಗ ನಾಚಿಕೊಂಡು ದುಡ್ಡು ಬೇಡವೆಂದ. ಕಾರ್ಯದರ್ಶಿಯ ತಾಯಿ ಎರಡನೆಯ ಸಲ ಸಾರು ಬಡಿಸಿ, ನೋಟನ್ನು ಅಂಗಿಯ ಜೇಬಿಗೆ ತುರುಕಿ ಕಳುಹಿಸಿದರು. ಮರುವರ್ಷ ಎದುರಾಳಿ ತಂಡದಲ್ಲಿ ಬಂದು ನಮಗೇ ನಾಲ್ಕು ಸಿಕ್ಸರ್ ಹೊಡೆದ. ಆ ನಾಲ್ಕಕ್ಕೂ ಚಪ್ಪಾಳೆ ತಟ್ಟಿದವರಲ್ಲಿ ಆ ತಾಯಿಯೂ ಇದ್ದರು.

ಆ ಗದ್ದೆಗೆ ಈಗ ನೀರು ನಿಂತಿದೆ, ಏಣೆಲಿನ, ಅಂದರೆ ಮಳೆಗಾಲದ ಬೆಳೆಯ, ನೇಜಿ ನೆಡುವ ಹೊತ್ತು. ಮುಂದಿನ ಪಂದ್ಯಾಟಗಳು ಆರಂಭವಾಗುವುದು ಗದ್ದೆ ಒಣಗಿದ ಮೇಲೆ. ಆಗ ಪೆರ್ಲದ ಸುತ್ತಿನ ಪಂದ್ಯಾಟಗಳ ವರದಿಯನ್ನು, ಸ್ಕೋರಿನ ಸಮೇತ, ನೀವೇ ಬರೆದು ಕಳುಹಿಸಿ. ಒಂದು ಪೂರ್ತಿ ಪುಟ ಕಾದಿರಿಸುತ್ತೇನೆ. ಯಕ್ಷಗಾನದ ಪುಟದಿಂದಲೇ ಕತ್ತರಿಸಿ ಕೊಡುತ್ತೇನೆ.

ತಪ್ಪಿನ ಬಗ್ಗೆ ನೀವು ಹೇಳಿದ್ದು ಸರಿಯಾಗಿದೆ. ಮೆಕಲಮ್ ಗಳಿಸಿದ್ದು 73 ಎಸೆತಗಳಲ್ಲಿ ಔಟಾಗದೆ 158. ನಾವು 185 ಎಂದು ಅಚ್ಚು ಮಾಡಿದೆವು. ಆ ಪುಟದ ಕರಡು ತಿದ್ದಿದವನು ನಾನೇ.